ಮಾರುತಿಯ ಪಾಲು ತಿಂದ ಬೆಕ್ಕು

ಮೊದಲು ಕಂಡದ್ದು ಇರುವೆ. ಬಚ್ಚಲ ಮೂಲೆಯಲ್ಲಿ ಬೆಕ್ಕು ಉಚ್ಚೆ ಹೊಯ್ದ ಜಾಗಕ್ಕೆ ಕೆಂಪಿರುವೆಗಳು ಸಾಲುಗಟ್ಟಿ ಮುತ್ತಿದ್ದವು. ಗಂಗೋತ್ರಿ ಪೊರಕೆ ಹಿಡಿದವಳು ಹಾಗೇ ನಿಂತುಬಿಟ್ಟಳು. ರೊಳ್ಳದ ಕಡೆಯ ತವರೂರಿನಲ್ಲಿ, ಹಿಪ್ಪುನೇರಳೆ ತೋಟದ ಬದುವಿನ ಮೇಲೆ ಅವಳಪ್ಪ ಕೂತೆದ್ದ ಜಾಗಕ್ಕೂ ಹೀಗೇ ಇರುವೆ ಬಂದಿದ್ದವು. ಅದನ್ನು ನೋಡಿಯೇ ಊರವರು ಸಕ್ಕರೆ ಕಾಯಿಲೆ ಅಂದಿದ್ದರು, ಆಸ್ಪತ್ರೆಯವರು ಹೇಳಿದ್ದು ಆಮೇಲೆ. ಅದು ಅಪ್ಪನಿಗಾಯಿತು. ಬೆಕ್ಕಿಗೂ ಶುಗರು ಬರುತ್ತದೆ ಅಂದರೆ ನಗದವರು ಯಾರು?

ಆದರೆ ಲಕ್ಷಣಗಳೆಲ್ಲ ಅವೇ. ಬೆಕ್ಕು ಬಿಂದಿಗೆಯ ಬುಡ ಬಿಟ್ಟು ಅಲ್ಲಾಡುತ್ತಿರಲಿಲ್ಲ, ಸದಾ ನೀರು ನೆಕ್ಕುತ್ತಿತ್ತು. ಎಷ್ಟು ಹಾಕಿದರೂ ತಿನ್ನುತ್ತಿತ್ತು, ತಿಂದಷ್ಟೂ ಇಳಿಯುತ್ತಿತ್ತು. ಗೋಣಿಚೀಲದ ಹಾಗಿದ್ದ ಮೈಯಲ್ಲಿ ಈಗ ಬೆನ್ನುಮೂಳೆ ಎಣಿಸಬಹುದಾಗಿತ್ತು.

ನಿಜ ಹೇಳಬೇಕೆಂದರೆ ಗಂಗೋತ್ರಿಗೆ ಆ ಬೆಕ್ಕಿನ ಮೇಲೆ ಅಂಥ ಪ್ರೀತಿಯೇನೂ ಇರಲಿಲ್ಲ. ರಾಯದುರ್ಗದ ಜೀನ್ಸ್ ಶೆಡ್ಡಿನಲ್ಲಿ ಹಗಲೆಲ್ಲ ಜಿಪ್ಪು ಕೂರಿಸಿ, ಮಿಕ್ಕ ಪೀಸು ಮನೆಗೆ ಹೊತ್ತು ತಂದರೆ ಈ ಶನಿ ಅದರ ಮೇಲೇ ಮಲಗಿ ಕೂದಲು ಉದುರಿಸುತ್ತಿತ್ತು. ಮೇಸ್ತ್ರಿಯ ಕೈಲಿ ಬೈಸಿಕೊಳ್ಳುವವಳು ಅವಳು. ಆದರೂ ಈ ಬೆಕ್ಕು ಸಾಯಕೂಡದು. ಇದು ಸತ್ತರೆ ಅತ್ತೆ ಉಳಿಯುವುದಿಲ್ಲ. ಅತ್ತೆಯೂ ಹೋದರೆ ಆ ಮನೆಯಲ್ಲಿ ಗಂಗೋತ್ರಿಗೆ ಮಾತಾಡಲು ಗೋಡೆ ಬಿಟ್ಟರೆ ಇನ್ನೇನೂ ಉಳಿಯುವುದಿಲ್ಲ.

ಬೆಕ್ಕನ್ನು ತಂದವನು ಅವಳ ಗಂಡ ಮಾರುತಿ. ಅವನೂ ಶೆಡ್ಡಿನಲ್ಲೇ ಮಿಷನ್ ತುಳಿಯುತ್ತಿದ್ದ. ಕಟಿಂಗ್ ತುಂಡುಗಳ ಚೀಲದಲ್ಲಿ ಮರಿ ಸಿಕ್ಕಾಗ ಬಟ್ಟೆಯ ಬಣ್ಣ ಹತ್ತಿ ಅದರ ಕಾಲು, ಮೂತಿ ಎಲ್ಲ ನೀಲಿಯಾಗಿತ್ತಂತೆ. ನೀಲ ಅಂತ ಅವನೇ ಹೆಸರಿಟ್ಟ. ಆಮೇಲೆ ಶೆಡ್ಡುಗಳಲ್ಲಿ ಕೆಲಸ ಕಮ್ಮಿಯಾದ ವರ್ಷ ಅವನು ತಿರುಪ್ಪೂರಿನ ಬನಿಯನ್ ಕಂಪನಿಗೆ ಹೋದ. ಅದರ ಹಿಂದೆಯೇ ಕೊರೊನಾ ಬಂತು, ಲಾಕ್‌ಡೌನ್ ಬಂತು. "ಲಾರಿ ಸಿಕ್ಕೈತಿ, ಹೊಂಟೀವಿ, ಅವ್ವಗ ಹೇಳು," ಅಂತ ಫೋನು ಮಾಡಿದ್ದೇ ಕೊನೆ. ದಾರಿಯಲ್ಲಿ ನೀರು ತರುತ್ತೇನೆಂದು ಇಳಿದನಂತೆ. ಪೊಲೀಸರು ಬಂದರೆಂದು ಹೆದರಿ ಲಾರಿಯವನು ಅವನನ್ನು ಅಲ್ಲೇ ಬಿಟ್ಟು ಬಂದನಂತೆ. ಜತೆಗಿದ್ದವರೆಲ್ಲ ಊರು ಸೇರಿದರು, ಮಾರುತಿಯೊಬ್ಬ ಸೇರಲಿಲ್ಲ. ಪೊಲೀಸ್ ಸ್ಟೇಷನ್, ಆಸ್ಪತ್ರೆ, ಪೇಪರಿನಲ್ಲಿ ಫೋಟೋ, ಎಲ್ಲ ಆಯಿತು. ಇದ್ದಾನೆ ಅಂತಲೂ ಗೊತ್ತಿಲ್ಲ, ಇಲ್ಲ ಅಂತಲೂ ಗೊತ್ತಿಲ್ಲ. ಇಂಥದ್ದು ಹಗೆಗೂ ಬೇಡ.

ಅವನ ತಾಯಿ ದುರುಗಕ್ಕ ಭೈರವಾನಿತಿಪ್ಪದವಳು. ಹಗರಿ ಹೊಳೆಯ ಮೀನು ತಿಂದು ಬೆಳೆದ ಜೀವ. ಮಗ ಬಾರದೆ ಹೋದ ತಿಂಗಳೇ ಊರ ದೇವತೆಯ ಮುಂದೆ ಹರಕೆ ಕಟ್ಟಿಕೊಂಡಳು. ಮಗ ಹೊಸಲು ದಾಟಿ ಒಳಗೆ ಬರುವ ತನಕ ಮೀನು, ಕೋಳಿ, ಮೊಟ್ಟೆ ಯಾವುದನ್ನೂ ಮುಟ್ಟುವುದಿಲ್ಲ, ಮನೆಯೊಳಗೂ ಬಿಟ್ಟುಕೊಳ್ಳುವುದಿಲ್ಲ. ಇನ್ನೊಂದು ಪದ್ಧತಿಯನ್ನೂ ತಾನೇ ಮಾಡಿಕೊಂಡಳು. ಎರಡು ಹೊತ್ತೂ ಮೊದಲು ಮಗನ ತಟ್ಟೆಗೆ ಅವನ ಪಾಲು. ಅವನಿಗಿಷ್ಟವಾದ ಹಾಲನ್ನ, ಮೇಲೆ ಬೆಲ್ಲದ ಪುಡಿ. ಆ ಪಾಲು ಎತ್ತಿಡದೆ ತಾನು ತುತ್ತು ಮುಟ್ಟುತ್ತಿರಲಿಲ್ಲ.

ಎತ್ತಿಟ್ಟ ಪಾಲಿಗೆ ಒಂದು ದಿನ ನೀಲ ಬಾಯಿ ಹಾಕಿತು. ಗಂಗೋತ್ರಿ ಓಡಿಸಲು ಹೋದರೆ ದುರುಗಕ್ಕ ತಡೆದಳು. "ತಿನ್ಲಿ ಬಿಡವ್ವ. ಅವ ತಂದ ಬೆಕ್ಕು. ಇದರ ಹೊಟ್ಟಿಗೆ ಹೋದ್ರ ಅವನಿಗೆ ಮುಟ್ಟತೈತಿ," ಅಂದಳು. ಅಲ್ಲಿಂದ ಮುಂದೆ ಅವಳೇ ಕೈಯಾರೆ ತಿನ್ನಿಸತೊಡಗಿದಳು. ಕಣ್ಣಿಗೆ ಪೊರೆ ಬಂದಿದ್ದರೂ ಬೆಕ್ಕಿನ ಬಾಯಿ ಎಲ್ಲಿದೆ ಎಂದು ಆ ಬೆರಳುಗಳಿಗೆ ಗೊತ್ತಿತ್ತು. "ಇದು ಮಾರುತಿದು," ಅಂತ ಬೆಕ್ಕಿಗೊಂದು ತುತ್ತು, ಆಮೇಲೆ ತನಗೊಂದು ತುತ್ತು. ವರ್ಷಗಟ್ಟಲೆ ಹೀಗೇ ನಡೆಯಿತು. ಬೆಕ್ಕಿಗೆ ಕಾಯಿಲೆ ಬಾರದೆ ಇನ್ನೇನು ಬಂದೀತು?

ಪಶು ಆಸ್ಪತ್ರೆಯಲ್ಲಿ ಕುರಿಗಳ ಗುಂಪಿನ ನಡುವೆ ವೈರಿನ ಬುಟ್ಟಿ ಹಿಡಿದು ಕೂತವಳನ್ನು ನೋಡಿ ಎಲ್ಲರೂ ನಕ್ಕರು. ಡಾಕ್ಟರ್ ಪ್ರಸಾದ್ ನಗಲಿಲ್ಲ. ಕಿವಿಯ ತುದಿ ಚುಚ್ಚಿ, ಮನುಷ್ಯರ ಶುಗರ್ ಮಿಷನ್ನಿಗೇ ರಕ್ತ ಮುಟ್ಟಿಸಿ ನೋಡಿದರು.

"ಏನು ಹಾಕ್ತೀರಮ್ಮಾ ಇದಕ್ಕ?"

"ಅನ್ನ, ಹಾಲು, ಬೆಲ್ಲ ಸಾರ್."

"ಬೆಲ್ಲ! ಹುಲಿಗೆ ಹೋಳಿಗಿ ಉಣಿಸಿದಂಗಾತಲ್ರಿ!" ಅಂತ ಹಣೆ ಚಚ್ಚಿಕೊಂಡರು. ಇನ್ಸುಲಿನ್ನೇ ಸರಿಯಾದ ದಾರಿ ಅಂದರು. ಬೆಳಿಗ್ಗೆ, ಸಾಯಂಕಾಲ ಸೂಜಿ. ಹಾಕಿದ ಮೇಲೆ ಕಣ್ಣಿಟ್ಟಿರಬೇಕು, ಒಂದು ಹನಿ ಹೆಚ್ಚಾದರೂ ಬೆಕ್ಕು ಮಲಗಿದ್ದು ಏಳುವುದಿಲ್ಲ. "ಮನಿಯಾಗ ಫ್ರಿಜ್ ಐತೇನ್ರಿ? ಹಗಲು ಯಾರಿರ್ತಾರ?"

ಫ್ರಿಜ್ ಇರಲಿಲ್ಲ. ಹಗಲು ಇರುವವಳು ಕಣ್ಣು ಕಾಣದ ಅತ್ತೆ. ಗಂಗೋತ್ರಿ ತಲೆ ತಗ್ಗಿಸಿದಳು.

ಡಾಕ್ಟರು ಶುಗರ್ ಮಿಷನ್ ಎತ್ತಿಟ್ಟರು. "ಹಂಗಾದ್ರ ಒಂದೇ ದಾರಿ. ಅನ್ನ, ಹಾಲು, ಬೆಲ್ಲ ಪೂರಾ ಬಂದ್. ಬೇಯಿಸಿದ ಕೋಳಿ, ಮೀನು, ಮೊಟ್ಟಿ, ಅಷ್ಟ. ಉಪ್ಪುಕಾರ ಹಾಕಬ್ಯಾಡ್ರಿ. ಕೆಲವು ಬೆಕ್ಕಿಗೆ ಊಟ ಬದಲಾದ್ರ ಸಕ್ಕರಿ ತಾನಾಗೇ ಇಳೀತೈತಿ. ಎಲ್ಲದಕ್ಕೂ ಇಳಿಯಂಗಿಲ್ಲ, ನಾ ಮಾತು ಕೊಡಂಗಿಲ್ಲ. ಊಟ ಬಿಟ್ರ, ವಾಂತಿ ಮಾಡಿದ್ರ ತಡ ಮಾಡದೆ ತಗೊಂಡ್ ಬರ್ರಿ."

ಬೇಯಿಸಿದ ಕೋಳಿಯಂತೆ! ಆ ಮನೆಯ ಹೊಸಲು ದಾಟಿಸುವವರು ಯಾರು? ಶೆಡ್ಡಿನ ಮುಂದೆ ಟೀ ಕಾಸುವ ಹೊನ್ನೂರಪ್ಪನ ಕೈಕಾಲು ಹಿಡಿದು ಬೇರೆ ಪಾತ್ರೆಯಲ್ಲಿ ಅಲ್ಲೇ ಬೇಯಿಸಿಕೊಂಡಳು. "ನಿನ್ನ ಬೆಕ್ಕು ಸಾಹುಕಾರ ಆತಲ್ಲವ್ವ, ನನಗೂ ಒಂದು ತುಂಡು ಉಳಿಸು," ಅಂತ ಅವನು ರೇಗಿಸಿದ. ಕೆಲಸಕ್ಕೆ ಹೋಗುವ ಮೊದಲೊಮ್ಮೆ, ಬಂದ ಮೇಲೊಮ್ಮೆ ಹಿತ್ತಿಲ ಕಲ್ಲಿನ ಹತ್ತಿರ ಕದ್ದು ತಿನ್ನಿಸಿದಳು. ಬೆಕ್ಕು ಗುರ್ ಎನ್ನುತ್ತ ನುಂಗಿತು. ಒಳಗೆ ಅತ್ತೆಗೆ ಮಾತ್ರ, "ಡಾಕ್ಟ್ರು ಅನ್ನ ಕೊಡಬ್ಯಾಡ ಅಂದವ್ರೆ ಕಣತ್ತೆ," ಅಂದಳು. ದುರುಗಕ್ಕ ಹೂಂ ಅಂದಳು.

ಮುಂದಿನ ಸಲ ಆಸ್ಪತ್ರೆಗೆ ಒಯ್ದರೆ ಸಕ್ಕರೆ ಇದ್ದಲ್ಲೇ ಇತ್ತು. ಅದರ ಮುಂದಿನ ಸಲವೂ ಅಷ್ಟೇ. ಬಚ್ಚಲಿನಲ್ಲಿ ಇರುವೆಯೂ ಹಾಗೇ ಇದ್ದವು. ಒಂದು ಮಧ್ಯಾಹ್ನ ಶೆಡ್ಡಿನಿಂದ ಬೇಗ ಬಂದು ನೋಡುತ್ತಾಳೆ, ದುರುಗಕ್ಕ ಗೋಡೆಗೊರಗಿ ಕೂತು, "ಇದು ಮಾರುತಿದು," ಅಂತ ಹಾಲನ್ನ ತಿನ್ನಿಸುತ್ತಿದ್ದಾಳೆ.

"ಅಯ್ಯೋ, ಏನ್ ಮಾಡ್ತಿದ್ದೀಯತ್ತೆ! ಕೊಲ್ತಿದ್ದೀಯ ಅದನ್ನ!"

"ಮಗನ ಪಾಲು ನಿಲ್ಲಿಸು ಅಂತೀಯೇನು? ನಿಲ್ಲಿಸಿದ್ರ ಅವ ಸತ್ತ ಅಂದಂಗ. ಅಂತೀಯೇನು ನೀನು? ಅನ್ನು ನೋಡೋಣು!"

ಗಂಗೋತ್ರಿ ತಟ್ಟೆ ಕಿತ್ತುಕೊಂಡು ಬೀದಿಗೆ ಚೆಲ್ಲಿದಳು. ಅಂದಿನಿಂದ ಅಕ್ಕಿ, ಬೆಲ್ಲ ಎರಡನ್ನೂ ಪೆಟ್ಟಿಗೆಗೆ ಹಾಕಿ ಬೀಗ ಜಡಿದಳು. ಅತ್ತೆಗೆ ಬೇಕಾದ್ದನ್ನು ಮಾಡಿಟ್ಟು, ಕೆಲಸಕ್ಕೆ ಹೋಗುವಾಗ ಬೆಕ್ಕನ್ನು ಬುಟ್ಟಿಯಲ್ಲಿ ಹಾಕಿಕೊಂಡು ಹೊರಟಳು.

ದುರುಗಕ್ಕ ಜಗಳವಾಡಲಿಲ್ಲ. ಉಣ್ಣುವುದನ್ನು ಬಿಟ್ಟಳು, ಅಷ್ಟೇ. ಮಗನ ಪಾಲು ಎತ್ತಿಡದೆ ತಾನು ಹೇಗೆ ಉಂಡಾಳು? ಎತ್ತಿಟ್ಟರೆ ತಿನ್ನುವ ಬಾಯಿ ಎಲ್ಲಿ? ಮಾಡಿಟ್ಟ ಮುದ್ದೆ ಸಾಯಂಕಾಲ ಬಂದು ನೋಡಿದರೆ ಒಣಗಿ ಬಿರಿದಿರುತ್ತಿತ್ತು. ಒಂದಿಷ್ಟು ಮಜ್ಜಿಗೆ ಬಿಟ್ಟರೆ ಏನೂ ಇಳಿಯಲಿಲ್ಲ. ಮೊದಲೇ ಕಡ್ಡಿಯಂಥ ಜೀವ, ಎದ್ದು ಬಚ್ಚಲಿಗೆ ಹೋಗುವುದಕ್ಕೂ ಗೋಡೆ ಹಿಡಿಯುವಂತಾಯಿತು. ಬೆಕ್ಕು ಉಳಿಸಿದರೆ ಅತ್ತೆ ಹೋಗುತ್ತಾಳೆ, ಅತ್ತೆ ಉಳಿಸಿದರೆ ಬೆಕ್ಕು ಹೋಗುತ್ತದೆ, ಬೆಕ್ಕು ಹೋದ ಮರುದಿನವೇ ಅತ್ತೆಯೂ ಹೋಗುತ್ತಾಳೆ. ಜಿಪ್ಪು ಕೂರಿಸುತ್ತ ಕೂರಿಸುತ್ತ ಗಂಗೋತ್ರಿ ಇದನ್ನೇ ತಿರುವಿಹಾಕಿದಳು. ಒಂದು ಪ್ಯಾಂಟಿಗೆ ಜಿಪ್ಪನ್ನು ತಲೆಕೆಳಗಾಗಿ ಕೂರಿಸಿ, ಬೈಸಿಕೊಂಡು, ಮಿಷನ್ ಮೇಲೆ ತಲೆಯಿಟ್ಟು ಅತ್ತಳು. ಎಲ್ಲಿ ಹೋದೆಯೋ ಪಾಪಿ, ಸತ್ತಿದ್ದರೆ ಸತ್ತೆ ಅಂತಾದರೂ ತಿಳಿಸಬಾರದೆ ಅಂತ ಗಂಡನನ್ನು ಬೈದಳು. ಬೈದದ್ದಕ್ಕೆ ಇನ್ನಷ್ಟು ಅತ್ತಳು.

ಆ ಸಂಜೆ ಮನೆಗೆ ಬಂದವಳೇ ಪೆಟ್ಟಿಗೆಯ ಬೀಗ ತೆಗೆದಳು. ಸೋತಿದ್ದಳು. ಅನ್ನ ಮಾಡಿ, ಹಾಲು ಹಾಕಿ, ಬೆಲ್ಲ ಉದುರಿಸಿ, ಮಾರುತಿಯ ತಟ್ಟೆಯನ್ನು ಅತ್ತೆಯ ಮುಂದಿಟ್ಟಳು. "ತಗಾ. ತಿನ್ನಿಸು. ಅದು ಸತ್ರೆ ಸಾಯ್ಲಿ, ನೀನು ಉಣ್ಣು. ನಿನ್ನ ಕಾಲಿಗೆ ಬೀಳ್ತೀನಿ, ಉಣ್ಣತ್ತೆ," ಅಂದಳು.

ದುರುಗಕ್ಕ ಎದ್ದು ಕೂತಳು. ತಟ್ಟೆಯ ಸದ್ದಿಗೆ ನೀಲ ಬುಟ್ಟಿಯಿಂದ ಇಳಿದು ಬಂತು. ಬಂತು ಅನ್ನುವುದಕ್ಕಿಂತ ತೆವಳಿತು ಅನ್ನಬೇಕು. ಇಷ್ಟು ದಿನದ ಸಕ್ಕರೆಗೆ ಹಿಂಗಾಲಿನ ಶಕ್ತಿ ಹೋಗಿತ್ತು, ಹಿಮ್ಮಡಿ ನೆಲಕ್ಕೊತ್ತಿ ಸರ ಸರ ಸದ್ದು ಮಾಡುತ್ತಿತ್ತು. ದುರುಗಕ್ಕನ ಕಣ್ಣಿಗೆ ಕಾಣಲಿಲ್ಲ, ಕಿವಿಗೆ ಕೇಳಿತು. ಎಡಗೈ ಚಾಚಿ ಅದರ ಬೆನ್ನು ಸವರಿದಳು, ಸೊಂಟ ಸವರಿದಳು, ಸೊಪ್ಪಾದ ಕಾಲು ಹಿಡಿದು ನೋಡಿದಳು. ಬಲಗೈಯ ತುತ್ತು ಹಾಗೇ ನಿಂತಿತು. ಬೆಕ್ಕು ಆ ಕೈಯತ್ತ ಮೂತಿ ಚಾಚಿ ಕೂಗಿತು.

"ಇದು ಮಾರುತಿ..." ಅಂದಳು.

ತುತ್ತನ್ನು ತಟ್ಟೆಗೇ ಇಳಿಸಿ, ತಟ್ಟೆಯನ್ನು ದೂರ ತಳ್ಳಿದಳು. "ಗಂಗೋತ್ರಿ, ನೀ ಹಿತ್ತಲದಾಗ ತಿನ್ನಿಸ್ತಿದ್ದೆಲ್ಲ, ಅದು ಐತೇನು?"

"ಗೊತ್ತಿತ್ತಾ ನಿನಗೆ?"

"ಕಣ್ಣು ಹೋಗೇವ, ಮೂಗು ಹೋಗಿಲ್ಲ. ತಾ ಇಲ್ಲಿ."

ಗಂಗೋತ್ರಿ ಹೊರಗಿದ್ದ ಕೋಳಿಯ ಡಬ್ಬಿ ತಂದು ಹೊಸಲಿನಾಚೆ ನಿಂತಳು. "ಹರಕೆ ಐತೆ ಕಣತ್ತೆ..."

"ಹರಕಿ ನಾ ಕಟ್ಟಿದ್ದು. ತಪ್ಪು ನಂದ. ಒಳಗ ಬಾ."

ಕೋಳಿಯ ತುಂಡನ್ನು ಆ ಮುದಿ ಬೆರಳುಗಳು ಎಳೆ ಎಳೆಯಾಗಿ ಬಿಡಿಸಿದವು. ಬೆಕ್ಕಿನ ಬಾಯಿಗೆ ಇಡುತ್ತ ದುರುಗಕ್ಕ, "ಇದು ನೀಲಂದು," ಅಂದಳು. ಬೆಕ್ಕು ತಿಂದಿತು. ಆಮೇಲೆ ಕೈ ತೊಳೆದು, ಆರಿದ ಹಾಲನ್ನವನ್ನು ತಾನೇ ಉಂಡಳು, ಮಗನ ತಟ್ಟೆಯಲ್ಲೇ. ಕಣ್ಣೀರು ಸುರಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ.

ಅಲ್ಲಿಂದ ಸಕ್ಕರೆ ಇಳಿಯತೊಡಗಿತು. ಒಂದೇ ಸಮ ಇಳಿಯಲಿಲ್ಲ, ಒಂದು ವಾರ ಇಳಿದರೆ ಇನ್ನೊಂದು ವಾರ ನಿಂತೇ ಬಿಡುತ್ತಿತ್ತು, ಗಂಗೋತ್ರಿಯ ಜೀವ ಬಾಯಿಗೆ ಬರುತ್ತಿತ್ತು. ಇರುವೆ ಯಾವಾಗ ಬರುವುದು ಬಿಟ್ಟವೋ ಗೊತ್ತಾಗಲಿಲ್ಲ. ಮಳೆಗಾಲ ಕಳೆಯುವ ಹೊತ್ತಿಗೆ ನೀಲ ನಾಲ್ಕೂ ಕಾಲಿನ ಮೇಲೆ ನಿಂತು ಕಟ್ಟೆ ಹತ್ತಿತು. ಡಾಕ್ಟರು ಮಿಷನ್ ಎರಡು ಸಲ ನೋಡಿದರು. "ಸೂಜಿ ಇಲ್ಲದ ಇಳದೈತಿ ನೋಡ್ರಿ! ವಾಸಿ ಆತು ಅನ್ನಬ್ಯಾಡ್ರಿ. ಅನ್ನ ಬೆಲ್ಲ ಮುಟ್ಟಿಸಿದ್ರ ಮತ್ತ ಬರ್ತೈತಿ. ಹಿಂಗ ಕಾಯ್ಕೊಂಡು ಹೋಗ್ರಿ," ಅಂದರು.

ಗಂಗೋತ್ರಿ ಓಡೋಡಿ ಬಂದು ಹೇಳಿದಳು. ದುರುಗಕ್ಕ ಬೆಕ್ಕಿನ ಬೆನ್ನು ಸವರಿ ನೋಡಿದಳು. ಆಮೇಲೆ, "ಇವತ್ತು ಬೆಕ್ಕಿನ ಕೋಳಿ ತೆಗೆದಿಟ್ಟು, ಉಳಿದದ್ದಕ್ಕ ಕಾರ ಅರದು ಸಾರು ಮಾಡು," ಅಂದಳು.

ಗಂಗೋತ್ರಿಗೆ ತಾನು ಕೇಳಿದ್ದು ನಿಜವೋ ಎನಿಸಿತು. ಮರುಮಾತಾಡದೆ ಮಾಡಿದಳು. ಅಷ್ಟು ವರ್ಷಗಳ ಮೇಲೆ ಆ ಮನೆಯಲ್ಲಿ ಸಾರಿನ ಘಮಲು ಎದ್ದಿತು. ಅಭ್ಯಾಸಬಲದಿಂದ ಮೂರು ತಟ್ಟೆ ಹಾಕಿದಳು. ದುರುಗಕ್ಕ ಕೈಯಾಡಿಸಿ, ಮೂರನೆಯದನ್ನು, ಮಗನ ತಟ್ಟೆಯನ್ನು, ಹುಡುಕಿ ತೆಗೆದು ಗೋಡೆಗೆ ಒರಗಿಸಿದಳು. ಒಂದು ತುಂಡು ಬಾಯಿಗಿಟ್ಟು ನಿಧಾನವಾಗಿ ಅಗಿದಳು.

"ಅವರು ಬರೋದಿಲ್ವೇನತ್ತೆ ಹಂಗಾದ್ರೆ?" ಅಂತ ಗಂಗೋತ್ರಿ ಕೇಳಿಯೇಬಿಟ್ಟಳು. ಇಷ್ಟು ವರ್ಷ ಒಬ್ಬರನ್ನೊಬ್ಬರು ಕೇಳದೆ ಉಳಿಸಿಕೊಂಡಿದ್ದ ಮಾತು ಅದು.

"ನನಗೇನು ಗೊತ್ತವ್ವ," ಅಂದಳು ದುರುಗಕ್ಕ. "ಬಂದ್ರ ಬಿಸಿದು ಮಾಡಿ ಹಾಕೋಣು. ಈಗ ಇದ್ದೋರು ಉಣ್ಣೋಣು. ನೀನೂ ಉಣ್ಣು."

ಗಂಗೋತ್ರಿ ತಟ್ಟೆ ಎಳೆದುಕೊಂಡಳು. ಅಳು ಒತ್ತರಿಸಿಕೊಂಡು ಬರುತ್ತಿತ್ತು, ಆದರೂ ಉಂಡಳು. ಸಾರಿಗೆ ಉಪ್ಪು ಸಾಲದಾಗಿತ್ತು. ಇಬ್ಬರೂ ಮತ್ತೊಮ್ಮೆ ಬಡಿಸಿಕೊಂಡರು.