ಕಪಿಲೆಗೆ ಕಟ್ಟಿದ ಪ್ಯಾಂಟು

ಹಿರೇಕೊಟ್ನೆಕಲ್‌ನ ಮಾನಮ್ಮನಿಗೆ ಹೊಲಿಗೆ ಕಲಿಸಿದ್ದು ಬಟ್ಟೆಯಲ್ಲ, ತೊಗಲು. ಎತ್ತು ಹೂಡಿ ಬಾವಿಯಿಂದ ನೀರೆತ್ತುವ ದೊಡ್ಡ ತೊಗಲಿನ ಚೀಲಕ್ಕೆ ಕಪಿಲೆ ಅನ್ನುತ್ತಾರಲ್ಲ, ಅದನ್ನು ಹೊಲಿಯುವುದು ಅವಳ ಅಪ್ಪ ಮಲ್ಲಯ್ಯನ ಕಸುಬು. ಹೆಂಗಸರು ದಾರಕ್ಕೆ ಮೇಣ ತಿಕ್ಕಬೇಕು, ದಬ್ಬಳ ಮಾತ್ರ ಗಂಡಸರ ಕೈಯಲ್ಲಿರಬೇಕು ಎಂಬುದು ಮನೆಯ ಕಟ್ಟಳೆ. ಮಲ್ಲಯ್ಯನ ಕಣ್ಣು ಮಂಜಾದ ಮೇಲೆ ಕಟ್ಟಳೆಯೂ ಮಂಜಾಯಿತು, ದಬ್ಬಳ ಮಗಳ ಕೈಗೆ ಬಂತು. ಅವಳ ಕೈ ಪಳಗುವ ಹೊತ್ತಿಗೆ ಸರಿಯಾಗಿ ಊರಿಗೆ ಕರೆಂಟಿನ ಪಂಪು ಬರಬೇಕೇ! ಕಪಿಲೆ ಕೇಳುವವರೇ ಇಲ್ಲವಾದರು.

ಎಂಬತ್ತರ ದಶಕದ ಶುರುವಿನಲ್ಲಿ ಅವಳು ಮಾನ್ವಿ ಬಸ್‌ಸ್ಟ್ಯಾಂಡಿನ ಎದುರಿನ ಸತ್ತಾರ್ ಸಾಬರ ಟೇಲರಿಂಗ್ ಅಂಗಡಿ ಸೇರಿದಳು. ಸೇರಿದಳು ಅಂದರೆ ಒಳಗಲ್ಲ. ಬಾಗಿಲ ಹೊರಗೆ ಗೋಣಿತಟ್ಟಿನ ಮೇಲೆ ಕೂತು ಕಾಜಾ ಮಾಡುವುದು, ಗುಂಡಿ ಹಚ್ಚುವುದು. ಒಳಗೆ ಒಂದು ಮಷೀನು ಖಾಲಿಯೇ ಇತ್ತು.

"ನಂದೇನಿಲ್ಲವ್ವಾ," ಅನ್ನುತ್ತಿದ್ದರು ಸಾಬರು. "ತೊಗಲು ಹೊಲಿಯೋ ಕೈ ಅಂತ ಗಿರಾಕಿ ಬಿಟ್ಟು ಹೋಗ್ತಾರ."

ಸಾಬರು ಕೆಟ್ಟವರಲ್ಲ, ಪುಕ್ಕಲರು. ಆದರೆ ಪುಕ್ಕಲುತನಕ್ಕೆ ಬೆಲೆ ತೆರುತ್ತಿದ್ದವಳು ಮಾನಮ್ಮ. ಆ ಖಾಲಿ ಮಷೀನು ಕಂಡಾಗಲೆಲ್ಲ ಅವಳ ಹೊಟ್ಟೆ ಉರಿಯುತ್ತಿತ್ತು.

ಒಂದು ದಿನ ದೇವದುರ್ಗದ ಮುದುಕಪ್ಪ ಬಂದ. ಕಲ್ಲು ಒಡೆಯುವವರ ಮೇಸ್ತ್ರಿ. ಹರಿದ ಪ್ಯಾಂಟೊಂದನ್ನು ಸಾಬರ ಮುಂದೆ ಬಿಸಾಕಿದ.

"ಕುಕ್ಕರಗಾಲಿಲೆ ಕುಂತ್ರ ಪರ್ರ್ ಅಂತದರೀ! ಉಳಿ ಇಟ್ರ ಕಿಸೇನ ಕಿತ್ತು ಬರ್ತದ. ಕಲ್ಲಿನ ಕೆಲಸಕ್ಕ ತಡಿಯೋ ಪ್ಯಾಂಟು ಹೊಲೀತೀರೋ ಇಲ್ಲೋ?"

ಸಾಬರು ತಲೆ ಕೆರೆದುಕೊಂಡರು. ಹೊರಗಿನಿಂದ ದನಿ ಬಂತು.

"ನಾ ಹೊಲೀತೀನ್ರಿ. ಹರದ್ರ ಈ ಬಾಗಲಕ್ಕ ಮತ್ತ ಬರೂದಿಲ್ಲ. ಹರೀಲಿಲ್ಲಂದ್ರ ಒಳಗಿನ ಮಷೀನು ನಂದು. ಹೂಂ ಅಂತೀರೇನು, ಸಾಬ್ರ?"

ಮುದುಕಪ್ಪ ನೋಡುತ್ತಿದ್ದ. ಸಾಬರು ಹೂಂ ಅನ್ನಲೇಬೇಕಾಯಿತು.

ರಾಯಚೂರಿನಿಂದ ದಪ್ಪ ನೀಲಿ ಜೀನ್ಸ್ ಬಟ್ಟೆ ತರಿಸಿದಳು. ಜೊತೆಗೆ ಟಾಂಗಾ ಕುದುರೆಯ ಪಟ್ಟಿಗಳಿಗೆ ಬಡಿಯುವ ತಾಮ್ರದ ರಿವಿಟ್ ಮೊಳೆ. ಕಪಿಲೆಯಲ್ಲಿ ನೀರು ಸೋರದಂತೆ ಅಂಚನ್ನು ಅಂಚಿನೊಳಗೆ ಮಡಚಿ ಎರಡು ಸಾಲು ಹೊಲಿಯುವುದುಂಟು, ಹಾಗೆಯೇ ಮೇಣದ ದಾರದಲ್ಲಿ ಹೊಲಿದಳು. ಮಂಡಿಗೂ ಕುಂಡಿಗೂ ಇನ್ನೊಂದು ಪದರ ಕೊಟ್ಟಳು, ಕಿಸೆಯ ಮೂಲೆಗಳಿಗೆ ರಿವಿಟ್ ಬಡಿದಳು. ನೂರು ವರ್ಷದ ಹಿಂದೆ ದೂರದ ಅಮೆರಿಕದಲ್ಲೂ ದುಡಿಯುವವರ ಕಿಸೆ ಹರಿದೇ ಪ್ಯಾಂಟಿಗೆ ರಿವಿಟ್ ಬಿದ್ದದ್ದಂತೆ. ಈಗ ಅದನ್ನೇ ಫ್ಯಾಶನ್ ಎಂದು ಬೀಗುವವರಿದ್ದಾರೆ. ಮಾನಮ್ಮನಿಗೆ ಅಮೆರಿಕ ಗೊತ್ತಿರಲಿಲ್ಲ, ಹರಿದ ಕಿಸೆ ಗೊತ್ತಿತ್ತು.

"ಗಟ್ಟಿ ಅದ ಅಂತ ಹೆಂಗ ನಂಬೂದು?" ಅಂದ ಮುದುಕಪ್ಪ.

"ಎತ್ತು ಹೂಡ್ರಿ!"

ಕಲ್ಲೂರಿನಲ್ಲಿ ಒಂದು ಹಳೆಯ ಕಪಿಲೆ ಬಾವಿ ಉಳಿದಿತ್ತು. ಮೊದಲು ಸಾಬರು ಹೊಲಿದ ಪ್ಯಾಂಟಿನ ಕಾಲು ಕಟ್ಟಿ, ಒಳಗೆ ಜಲ್ಲಿ ತುಂಬಿ, ಕಪಿಲೆಯ ಬದಲು ಹಗ್ಗಕ್ಕೆ ಬಿಗಿದು ಬಾವಿಗೆ ಇಳಿಸಿದರು. ಎತ್ತು ನಾಲ್ಕು ಹೆಜ್ಜೆ ಎಳೆಯುವಷ್ಟರಲ್ಲಿ ಹೊಲಿಗೆ ಬಿಚ್ಚಿ ಜಲ್ಲಿಯೆಲ್ಲ ದಬದಬನೆ ನೀರಿಗೆ ಬಿತ್ತು. ನೆರೆದವರು ಕೇಕೆ ಹಾಕಿದರು, ಸಾಬರು ಟೋಪಿ ಸರಿಮಾಡಿಕೊಂಡರು.

ಆಮೇಲೆ ಅಷ್ಟೇ ಜಲ್ಲಿ ತುಂಬಿದ ಮಾನಮ್ಮನ ಪ್ಯಾಂಟು ಇಳಿಯಿತು. ಹಗ್ಗ ಬಿಗಿಯಿತು, ಗಾಲಿ ಕಿರುಗುಟ್ಟಿತು. ಎತ್ತುಗಳು ಬಾವಿದಂಡೆಯ ಇಳಿಜಾರಿನ ಕೊನೆ ಮುಟ್ಟಿದವು. ಹೊಟ್ಟೆ ಉಬ್ಬಿಸಿಕೊಂಡು, ನೀರು ಸುರಿಸುತ್ತ, ಪ್ಯಾಂಟು ಇಡಿಯಾಗಿ ಮೇಲೆ ಬಂತು. ಒಂದು ಎಳೆಯೂ ಕಿತ್ತಿರಲಿಲ್ಲ!

ಮುದುಕಪ್ಪ ಜಲ್ಲಿ ಸುರುವಿ ಅಲ್ಲೇ ಧೋತ್ರದ ಮೇಲೆಯೇ ಅದನ್ನು ಏರಿಸಿಕೊಂಡು ಕುಕ್ಕರಗಾಲಲ್ಲಿ ಕೂತ, ಎದ್ದ, ಮತ್ತೆ ಕೂತ. "ನನ್ನ ಮಂದಿಗೆಲ್ಲ ಇಂಥದ್ದ ಹೊಲಿ, ಯವ್ವಾ!" ಎಂದು ಕೂಗಿದ. ಮಾನಮ್ಮ ಬಾಯ್ತುಂಬ ನಕ್ಕಳು. ಅಷ್ಟು ಜನರ ನಡುವೆ ಅವಳು ಹಾಗೆ ನಕ್ಕದ್ದು ಅದೇ ಮೊದಲು.

ಮರುದಿನ ಮುಂಜಾನೆ ಮದುಮಗನ ಅಂಗಿ ಹೊಲಿಸಲು ಊರಿನ ದೊಡ್ಡ ಮನೆಯವರು ಅಂಗಡಿಗೆ ಬಂದರು. ಒಳಗೆ ಮಷೀನಿನ ಮುಂದೆ ಮಾನಮ್ಮ ಕೂತಿದ್ದಳು. ಅವರು ಅವಳನ್ನು ನೋಡಿದರು, ಸಾಬರನ್ನು ನೋಡಿದರು. ಸಾಬರು ಕೊರಳಿನ ಟೇಪು ತೆಗೆದು ಅವಳ ಕೈಗಿಟ್ಟರು.

"ಟೇಲರಮ್ಮ ಅದಾರಲ್ರೀ. ಬರ್ರಿ, ಅಳತಿ ಅವರಿಗೇ ಕೊಡ್ರಿ."