ಬ್ಯಾರನ್ ಉರಿಯದ ತಿಂಗಳು

ಪಿರಿಯಾಪಟ್ಟಣದ ಕೋರ್ಟಿನಲ್ಲಿ ಸರ್ಕಾರಿ ವಕೀಲೆಯಾಗಿದ್ದಾಗ ನಾನು ಯಾರನ್ನೂ ನಂಬುತ್ತಿರಲಿಲ್ಲ. ಹೊಡೆತ ತಿಂದು ಬಂದವರನ್ನೂ ನಂಬುತ್ತಿರಲಿಲ್ಲ.

ಗಂಡ ಕೊಳ್ಳಿಯಿಂದ ಕೈ ಸುಟ್ಟನೆಂದು ದೂರು ಕೊಟ್ಟಿದ್ದ ಹೆಂಗಸೊಬ್ಬಳು ಕಟಕಟೆ ಹತ್ತಿದವಳೇ ಮಾತು ಬದಲಿಸಿದಳು. "ಅವ್ರೇನೂ ಮಾಡ್ಲಿಲ್ಲ ಮೇಡಂ. ಹೊಗೆಸೊಪ್ಪು ಬೇಯ್ಸೋ ಬ್ಯಾರನ್ ಮನೇಲಿ ಕಾದ ಪೈಪು ತಗುಲ್ತು."

ನನಗೆ ಮೈಯೆಲ್ಲ ಉರಿಯಿತು. ಕೈ ಸುಟ್ಟಿದ್ದು ಯುಗಾದಿಯ ವಾರದಲ್ಲಿ. ಆಗ ಹೊಗೆಸೊಪ್ಪು ಇನ್ನೂ ಸಸಿಮಡಿಯಲ್ಲಿರುತ್ತದೆ. ಗಂಡನ ಕಡೆಯವರ ಜೊತೆ ರಾಜಿಯಾಗಿ ನನ್ನ ಕಿವಿ ಮೇಲೆ ಹೂವಿಡಲು ಬಂದಿದ್ದಾಳೆ ಅಂದುಕೊಂಡೆ.

"ಯುಗಾದೀಲಿ ಬ್ಯಾರನ್‌ಗೆ ಬೆಂಕಿ ಹಾಕೋರು ಯಾರಮ್ಮ?" ಎಂದು ಗದರಿದೆ.

ಅವಳು ನನ್ನನ್ನು ನೋಡಲೇ ಇಲ್ಲ. ಅವಳ ಕಣ್ಣು ನನ್ನ ಹೆಗಲ ಮೇಲಿಂದ ಹಿಂದಿನ ಬೆಂಚಿಗೆ ಹೋಗಿತ್ತು. ತಿರುಗಿದೆ. ಅಲ್ಲಿ ಅವಳ ಅತ್ತೆ ಕೂತಿದ್ದಳು, ಮಡಿಲಲ್ಲಿ ಎರಡು ವರ್ಷದ ಮೊಮ್ಮಗಳು. ಮಗುವಿನ ಮಣಿಕಟ್ಟನ್ನು ಮುದುಕಿ ಬಿಗಿಯಾಗಿ ಹಿಡಿದಿದ್ದಳು.

ಮಗುವನ್ನು ತಾಯಿಗೆ ಕೊಡಿಸಿ ಎಂದು ನ್ಯಾಯಾಧೀಶರನ್ನು ಕೇಳಿಕೊಂಡೆ.

"ಮಗ ನಿದ್ದೆ ಮಾಡ್ತದೆ ಬುಡಿ ಸ್ವಾಮಿ" ಅಂದಳು ಅತ್ತೆ. ಮಗು ಕಣ್ಣು ಬಿಟ್ಟುಕೊಂಡು ನಮ್ಮನ್ನೇ ನೋಡುತ್ತಿತ್ತು.

"ಕೊಡಮ್ಮ" ಅಂದರು ನ್ಯಾಯಾಧೀಶರು.

ಮಗು ಕೈಗೆ ಬಂದಾಗ ತಾಯಿ ಮುದ್ದಿಸಲಿಲ್ಲ. ಮೊದಲು ಫ್ರಾಕು ಎತ್ತಿ ಬೆನ್ನು ನೋಡಿದಳು. ತೊಡೆ ನೋಡಿದಳು. ಎರಡೂ ಅಂಗೈ ಬಿಡಿಸಿ ನೋಡಿದಳು. ಎಲ್ಲೂ ಸುಟ್ಟ ಗಾಯವಿರಲಿಲ್ಲ. ಫ್ರಾಕು ಸರಿಮಾಡಿ ಮಗುವನ್ನು ಸೊಂಟಕ್ಕೆ ಏರಿಸಿಕೊಂಡಳು.

"ಈಗ ಕೇಳಿ ಮೇಡಂ" ಅಂದಳು. "ಮೊದ್ಲಿಂದ ಕೇಳಿ."