ಸೊಂಟದ ಚಾಪೆ

ನನ್ನ ತಲೆಗಿಂತ ಸೊಂಟಕ್ಕೇ ಹೆಚ್ಚು ವಿದ್ಯಾಭ್ಯಾಸವಾಗಿದೆ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಟೋಂಗಾ ಎಂಬ ದ್ವೀಪರಾಜ್ಯಕ್ಕೆ ಸ್ವಯಂಸೇವಕನಾಗಿ ಹೋಗಿ ಎರಡು ವರ್ಷ ಮಕ್ಕಳಿಗೆ ಗಣಿತ ಹೇಳಿಕೊಟ್ಟೆ. ಅವರಿಗೆ ಗಣಿತ ಎಷ್ಟು ಬಂತೋ ಕಾಣೆ, ನನಗೆ ಮಾತ್ರ ಸೊಂಟಕ್ಕೆ ಚಾಪೆ ಕಟ್ಟಿಕೊಳ್ಳುವುದು ಬಂತು.

ನಗಬೇಡಿ. ಅಲ್ಲಿ ಹೆಣೆದ ಚಾಪೆಯನ್ನು ಬಟ್ಟೆಯ ಮೇಲೆ ಸುತ್ತಿ ಬಿಗಿದುಕೊಳ್ಳುವುದೇ ಮರ್ಯಾದೆ. ಅಜ್ಜನ ಕಾಲದ ಹರಕು ಚಾಪೆಗೆ ಹೊಸದಕ್ಕಿಂತ ಹೆಚ್ಚು ಗೌರವ. ರಾಜರ ಮುಂದೆ ಎಲ್ಲರೂ ನೆಲಕ್ಕೆ ಕೂರುತ್ತಾರೆ. ಅವರಿಗಿಂತ ಎತ್ತರ ಯಾರ ತಲೆಯೂ ಇರಬಾರದು. ಮೊದಲ ಭಾನುವಾರವೇ ಲುಂಗಿ ಒಗೆದು ಹರವಿ, ದೇವರ ದಿನ ಕೆಲಸ ಮಾಡಬಾರದೆಂದು ಪಕ್ಕದ ಮನೆಯಾಕೆಯಿಂದ ಬೈಸಿಕೊಂಡ ನಾನು, ಚಾಪೆಯ ಪಾಠದಲ್ಲಿ ಮಾತ್ರ ಒಂದೇ ಸಲಕ್ಕೆ ಪಾಸಾದೆ. "ಎಲ್ಲಿ ಕಲಿತೆ?" ಎಂದು ಅಲ್ಲಿಯ ಹೆಡ್‌ಮಾಸ್ಟರ್ ಬೆರಗಾದರು.

ತಮಿಳುನಾಡಿನ ಏರ್ಕಾಡು ಬೆಟ್ಟದಲ್ಲಿ ಎನ್ನಲು ನಾಚಿಕೆಯಾಯಿತು. ನಮ್ಮಪ್ಪ ಅಲ್ಲಿನ ಕಾಫಿ ಎಸ್ಟೇಟಿನಲ್ಲಿ ದುಡಿದವನು. ಮನೆಯಲ್ಲಿ ಅವನ ಟವಲ್ಲು, ನಮ್ಮ ಮಾತಿನಲ್ಲಿ ತುಂಡು, ಹೆಗಲ ಮೇಲಿರುತ್ತಿತ್ತು. ಮ್ಯಾನೇಜರ ಬಂಗಲೆಯ ಗೇಟು ಕಂಡೊಡನೆ ಸೊಂಟಕ್ಕಿಳಿಯುತ್ತಿತ್ತು. ನನ್ನನ್ನು ಸೇಲಂ ಕಾಲೇಜಿಗೆ ಸೇರಿಸಿದ ದಿನ ಅಪ್ಪ ಹೇಳಿದ್ದು ಒಂದೇ ಮಾತು: "ಯಾವನ್ ಮುಂದೇನೂ ನೀನು ಸೊಂಟಕ್ಕೆ ತುಂಡು ಕಟ್ಬಾರ್ದು ಲಾ."

ಟೋಂಗಾದಿಂದ ಫೋನು ಮಾಡಿ, "ಅಪ್ಪಾ, ದೊರೇನ ನೋಡ್ದೆ" ಎಂದೆ.

"ಅಲ್ಲೂ ಎಸ್ಟೇಟ್ ಐತಾ?" ಎಂದ.

ಪುಸ್ತಕದ ಕನ್ನಡದಲ್ಲಿ ದೊರೆ ಎಂದರೆ ಅರಸ. ತಮಿಳಿನ ಸಹವಾಸದ ನಮ್ಮ ಕನ್ನಡದಲ್ಲಿ ಎಸ್ಟೇಟ್ ಮ್ಯಾನೇಜರ್. ಅಪ್ಪನ ಪಾಲಿಗೆ ಬೇರೆ ದೊರೆ ಇರಲೇ ಇಲ್ಲ.

ಎಸ್ಟೇಟಿನ ಕೆಲಸ ಬಿಟ್ಟ ಮೇಲೆ ಅಪ್ಪ ನೆಲೆಸಿದ್ದ ಕಾರಿಮಂಗಲದ ಮನೆಗೆ ಮರಳಿ, ಬಲು ಹೆಮ್ಮೆಯಿಂದ ಫೋಟೊ ತೋರಿಸಿದೆ: ರಾಜರ ಮುಂದೆ ಚಾಪೆ ಕಟ್ಟಿ, ತಲೆ ತಗ್ಗಿಸಿ ಕೂತ ನಾನು. ಅಪ್ಪ ನನ್ನ ಸೊಂಟವನ್ನೇ ನೋಡಿದ.

"ನೀನೂ ಕಟ್ಕೊಂಡ್ಯಾ?"

"ಅಲ್ಲಿ ಮಂತ್ರೀನೂ ಕಟ್ಕೊತಾನಪ್ಪಾ. ಸಾವಿನ ಮನೆಗಾದ್ರೆ ರಾಜಾನೂ ಕಟ್ಕೊತಾನೆ."

ಅಪ್ಪ ಫೋಟೊ ಪಕ್ಕಕ್ಕಿಟ್ಟ. "ನಿಮ್ಮವ್ವ ಸತ್ತಾಗ ನಮ್ ದೊರೆ ಬಂದಿದ್ರು. ಜೀಪಿಂದ ಇಳೀಲಿಲ್ಲ. ಒಳಗೆ ಅವ್ಳನ್ನ ಮಲಗ್ಸವ್ರೆ, ನಾನು ಓಡ್ಬಂದು ತುಂಡು ಸೊಂಟಕ್ಕೆ ಕಟ್ಟಿ ನಿಂತೆ."

ಆ ದಿನ ನಾನೂ ಅಲ್ಲೇ ಇದ್ದೆ. ಜೀಪು ನೆನಪಿದೆ, ಅದರ ಬಣ್ಣವೂ ನೆನಪಿದೆ. ಅಪ್ಪನ ಸೊಂಟ ನೋಡಿದ ನೆನಪಿಲ್ಲ. ಇಂಥ ಕಣ್ಣಿಟ್ಟುಕೊಂಡು ಊರಿನ ಮಕ್ಕಳನ್ನು ಬಿಟ್ಟು ಪರದೇಶದ ಮಕ್ಕಳನ್ನು ಉದ್ಧಾರ ಮಾಡಲು ಹೋಗಿದ್ದೆನಲ್ಲ ಎಂದು ನನ್ನ ಮೇಲೇ ಅಸಹ್ಯವಾಯಿತು.

ಹೆಡ್‌ಮಾಸ್ಟರು ತಮ್ಮ ಅಜ್ಜನ ಚಾಪೆಯನ್ನೇ ಅಪ್ಪನಿಗೆಂದು ಕೊಟ್ಟು ಕಳಿಸಿದ್ದರು. ಹೆದರಿಕೊಂಡೇ ಅವನ ಕೈಗಿಟ್ಟೆ. ತಿರುವಿ ನೋಡಿದ, ಜಗಲಿಯ ಮೇಲೆ ಹಾಸಿದ, ತುಂಡನ್ನು ಕೊಡವಿ ಹೆಗಲಿಗೆ ಹಾಕಿಕೊಂಡು ಚಾಪೆಯ ನಟ್ಟನಡುವೆ ಚಕ್ಕಳಮಕ್ಕಳ ಹಾಕಿ ಕೂತ.

"ಚೆನ್ನಾಗೈತೆ ಲಾ. ಚಾಪೆ ಇರೋದೇ ಕೂತ್ಕಳಾಕೆ."

ಟೋಂಗಾದವರು ಯಾರಾದರೂ ನೋಡಿದ್ದರೆ ಎದೆ ಎದೆ ಬಡಿದುಕೊಳ್ಳುತ್ತಿದ್ದರು. ನಾನು ಜಗಲಿಯ ಕೆಳಗೆ, ನೆಲದ ಮೇಲೆ, ನನ್ನ ತಲೆ ಅವನ ತಲೆಗಿಂತ ಎತ್ತರವಾಗದ ಹಾಗೆ ನೋಡಿಕೊಂಡು ಕೂತೆ.